ಸಂಗೀತೋತ್ಸವ: ವೇದಿಕೆಯ ಮೇಲೆ ಯಾರು, ಮೈದಾನದಲ್ಲಿ ಯಾರು?

ಬೀದರ್ ಕೋಟೆಯಲ್ಲಿ 2023ರ ಜನವರಿ 7ರಿಂದ 9ರವರೆಗೆ ಬೀದರ್ ಉತ್ಸವ ಜರುಗಿತು. ಇಂಥ ಸಂದರ್ಭಗಳಲ್ಲಿ ವರ್ತಕರು ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಜನ ಸೇರುತ್ತಾರೆ?’ ಎಂಬುದು. ಜನ ಏಕೆ ಬರುತ್ತಾರೆ, ಯಾರು ಬಾರದೆ ಉಳಿಯುತ್ತಾರೆ ಎಂಬುದನ್ನು ಅರಿಯದೆ ಇದಕ್ಕೆ ಉತ್ತರ ದೊರೆಯದು.

ಬರುವುದು ಹಾಡಿಗಷ್ಟೇ ಅಲ್ಲ

ಅಮೆರಿಕದ ಸ್ಯಾನ್ ಆಂಟೋನಿಯೊ ನಗರದ ಉತ್ಸವವನ್ನು ಕುರಿತು ಕ್ರಾಂಪ್ಟನ್ ಮತ್ತು ಮೆಕೇ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನವು ಸಂಸ್ಕೃತಿಯ ಕುತೂಹಲ, ಹೊಸತನದ ಬಯಕೆ, ದಿನನಿತ್ಯದ ಜಂಜಾಟದಿಂದ ಬಿಡುವು, ತಮ್ಮವರ ಒಡನಾಟ ಮತ್ತು ಹೊಸಬರ ಪರಿಚಯಗಳನ್ನು ಮುಖ್ಯ ಪ್ರೇರಣೆಗಳೆಂದು ಗುರುತಿಸಿತು. ನಮ್ಮ ಜಿಲ್ಲೆಗೆ ಇದು ಹೊಸ ಮಾತಲ್ಲ. ಖಾನಾಪುರದ ಮೈಲಾರ ಜಾತ್ರೆಗೂ ಔರಾದಿನ ಅಮರೇಶ್ವರ ಜಾತ್ರೆಗೂ ಹೋದವರು ದರ್ಶನದೊಡನೆ ನೆಂಟರ ಭೇಟಿಯನ್ನೂ ಬಳೆ, ಬಟ್ಟೆಗಳ ಖರೀದಿಯನ್ನೂ ಮುಗಿಸಿಕೊಂಡೇ ಮರಳುತ್ತಾರೆ.

ಗಡಿಭಾಗದ ಚಿಂತಾಕಿಯಿಂದ ಬೀದರಿಗೆ ಬರುವ ಕುಟುಂಬವೊಂದನ್ನು ಊಹಿಸಿಕೊಳ್ಳೋಣ. ತಡರಾತ್ರಿ ಮರಳಲು ಬಸ್ಸಿಲ್ಲದಿದ್ದರೆ, ಮೈದಾನದಲ್ಲಿ ಬೆಳಕು ಮತ್ತು ಶೌಚಾಲಯಗಳಿಲ್ಲದಿದ್ದರೆ ಹೆಣ್ಣುಮಕ್ಕಳು ಮನೆಯಲ್ಲಿಯೇ ಉಳಿಯುವರು. ಗಂಡಸೊಬ್ಬನೇ ಬಂದರೆ ಚಹಾದಂಗಡಿಗೆ ಲಾಭ. ಕುಟುಂಬವೇ ಬಂದರೆ ಖಾನಾವಳಿ, ಬಟ್ಟೆಯಂಗಡಿ, ಬಿದ್ರಿ ಕುಶಲಕರ್ಮಿ ಎಲ್ಲರಿಗೂ ಲಾಭ.

ವಾದ್ಯದ ಮುಂದೆ ಮಹಿಳೆ

ಮಹಿಳೆಯರು ಪ್ರೇಕ್ಷಕರಾಗಿ ಬಂದರೆ ಸಾಲದು. ವೇದಿಕೆಯ ಮೇಲೂ ಅವರಿಗೆ ಸ್ಥಾನವಿರಬೇಕು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿತರು. 2002ರಲ್ಲಿ ಪದ್ಮವಿಭೂಷಣಕ್ಕೆ ಭಾಜನರಾದರು. ಗಾಯನದಲ್ಲಿ ಹೀಗೆ ದಾರಿ ತೆರೆಯಿತು. ಆದರೆ ತಬಲ, ಮೃದಂಗ, ಘಟಗಳ ಮುಂದೆ ಇಂದಿಗೂ ಹೆಚ್ಚಾಗಿ ಕಾಣುವವರು ಪುರುಷರೇ. ಬೆಂಗಳೂರಿನ ಘಟವಾದಕಿ ಸುಕನ್ಯಾ ರಾಮಗೋಪಾಲ್ ಅವರು 1995ರಲ್ಲಿ ‘ಸ್ತ್ರೀ ತಾಲ್ ತರಂಗ್’ ಎಂಬ ಮಹಿಳಾ ವಾದ್ಯತಂಡವನ್ನೇ ಕಟ್ಟಿದರು. ಪ್ರತಿಭೆಯ ಕೊರತೆಯಿದೆ ಎಂಬ ಮಾತಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಯುರೋಪಿನಲ್ಲಿ ‘ಕೀಚೇಂಜ್’ ಅಭಿಯಾನದಡಿ 2018ರಲ್ಲಿ ಹಲವು ಉತ್ಸವಗಳು ತಮ್ಮ ಕಾರ್ಯಕ್ರಮಗಳಲ್ಲಿ 2022ರೊಳಗೆ ಲಿಂಗಸಮತೋಲನ ಸಾಧಿಸುವ ವಾಗ್ದಾನ ಮಾಡಿದವು. ಗುರಿಗೆ ಗಡುವು ಹಾಕಿಕೊಂಡದ್ದು ಅಲ್ಲಿನ ವಿಶೇಷ.

ಪ್ರಾಯೋಜಕರ ಪಾತ್ರ

ಉತ್ಸವಕ್ಕೆ ದೇಣಿಗೆ ನೀಡುವ ವರ್ತಕರಿಗೆ ಪ್ರಶ್ನಿಸುವ ಹಕ್ಕೂ ಇದೆ. ಹಣ ಕೊಡುವ ಮುನ್ನ ಕಲಾವಿದರ ಪಟ್ಟಿಯನ್ನು ಕೇಳಿ ನೋಡಬೇಕು. ಅದರಲ್ಲಿ ಗಾಯಕಿಯರಷ್ಟೇ ಅಲ್ಲದೆ ವಾದಕಿಯರೂ ಇದ್ದಾರೆಯೇ, ಸಂಭಾವನೆ ಸಮಾನವೇ, ಕಲಾವಿದೆಯರಿಗೆ ಸುರಕ್ಷಿತ ವಸತಿಯಿದೆಯೇ ಎಂದು ವಿಚಾರಿಸಬೇಕು. ಹೋಬಳಿಗಳಿಗೆ ರಾತ್ರಿ ವಿಶೇಷ ಬಸ್ಸುಗಳನ್ನು ಓಡಿಸುವಂತೆ ಸಾರಿಗೆ ಅಧಿಕಾರಿಗಳನ್ನು ಒಗ್ಗಟ್ಟಿನಿಂದ ಕೋರಬೇಕು.

ಚಿಂತಾಕಿಯ ಬಾಲಕಿಯೊಬ್ಬಳು ತಬಲ ನುಡಿಸುವ ಹೆಣ್ಣುಮಗಳನ್ನು ಕೋಟೆಯ ವೇದಿಕೆಯಲ್ಲಿ ಕಂಡು ಊರಿಗೆ ಮರಳುವಂತಾದರೆ, ಆ ದೇಣಿಗೆ ಜಾಹೀರಾತಿನ ಫಲಕಕ್ಕಿಂತ ಹೆಚ್ಚು ಕಾಲ ಉಳಿಯುವುದು.