ಕಿರುತೆರೆಯಲ್ಲಿ ಎಣ್ಣೆಬಾವಿಯ ದುಡಿಮೆಗಾರರು

ಕಷ್ಟದ ದುಡಿಮೆಯನ್ನು ದೂರ ನಿಂತು ನೋಡುವುದು ಮನುಷ್ಯನಿಗೆ ಮೊದಲಿನಿಂದಲೂ ಒಂದು ಬಗೆಯ ಸುಖ. ಹೊಲದಲ್ಲಿ ಬಾವಿ ತೋಡುತ್ತಿದ್ದರೆ ದಾರಿಹೋಕರು ನಿಲ್ಲುತ್ತಾರೆ. ಹಳ್ಳದಲ್ಲಿ ಸಿಕ್ಕಿಬಿದ್ದ ಲಾರಿಯನ್ನು ಎತ್ತುತ್ತಿದ್ದರೆ ಊರೇ ನೆರೆಯುತ್ತದೆ. ನಿಂತವರಲ್ಲಿ ಕೈ ಹಚ್ಚುವವರು ಕಡಿಮೆ, ಸಲಹೆ ಕೊಡುವವರು ಬಹಳ. ಈ ಸುಖವನ್ನೇ ಬಂಡವಾಳ ಮಾಡಿಕೊಂಡು ಅಮೆರಿಕೆಯ ದೂರದರ್ಶನ ವಾಹಿನಿಗಳು ಈ ಶತಮಾನದ ಮೊದಲ ದಶಕದಲ್ಲಿ ಒಂದು ಹೊಸ ಮಾದರಿಯ ಕಾರ್ಯಕ್ರಮವನ್ನು ಬೆಳೆಸಿದವು. 2005ರಲ್ಲಿ ಅಲಾಸ್ಕದ ಕಡಲಿನಲ್ಲಿ ಏಡಿ ಹಿಡಿಯುವವರನ್ನು ಕುರಿತ ‘ಡೆಡ್ಲಿಯೆಸ್ಟ್ ಕ್ಯಾಚ್’, 2007ರಲ್ಲಿ ಹೆಪ್ಪುಗಟ್ಟಿದ ಸರೋವರಗಳ ಮೇಲೆ ಲಾರಿ ಓಡಿಸುವವರನ್ನು ಕುರಿತ ‘ಐಸ್ ರೋಡ್ ಟ್ರಕ್ಕರ್ಸ್’, 2008ರಲ್ಲಿ ಪಶ್ಚಿಮ ಟೆಕ್ಸಾಸಿನ ಎಣ್ಣೆಬಾವಿಗಳನ್ನು ಕುರಿತ ‘ಬ್ಲ್ಯಾಕ್ ಗೋಲ್ಡ್’ ಬಂದವು. ಮೂರರ ಹಿಂದೆಯೂ ಇದ್ದವನು ಥಾಮ್ ಬಿಯರ್ಸ್ ಎಂಬ ಒಬ್ಬನೇ ನಿರ್ಮಾಪಕ. ರಿಯಾಲಿಟಿ ಶೋ ಎಂದು ಜನ ಕರೆಯುವ ಈ ಜಾತಿಯ ಕಾರ್ಯಕ್ರಮ ದುಡಿಯುವ ಮನುಷ್ಯನನ್ನು ಹೇಗೆ ತೋರಿಸುತ್ತದೆ, ಏನನ್ನು ತೋರಿಸದೆ ಬಿಡುತ್ತದೆ ಎಂಬುದನ್ನು ಎಣ್ಣೆಬಾವಿಯ ನಿದರ್ಶನದಿಂದ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಆ ಕೆಲಸವನ್ನು ತಿಳಿಯಬೇಕು. ಎಣ್ಣೆಬಾವಿಯ ಮೇಲೆ ಎತ್ತರದ ಒಂದು ಉಕ್ಕಿನ ಗೋಪುರ. ಅದರಿಂದ ತೂಗುಬಿಟ್ಟ ಕೊಳವೆಗಳ ಸಾಲು, ಸಾಲಿನ ತುದಿಗೆ ಹಲ್ಲುಗಳುಳ್ಳ ಬಿಟ್. ಒಂದೊಂದು ಕೊಳವೆಯ ಉದ್ದ ಸುಮಾರು 30 ಅಡಿ. ಬಾವಿ ಆಳವಾದಂತೆ ಕೊಳವೆಗೆ ಕೊಳವೆ ಕೂಡಿಸುತ್ತ ಹೋಗಬೇಕು. ಬಿಟ್ ಸವೆಯಿತೆಂದರೆ ಸಾವಿರಾರು ಅಡಿ ಕೊಳವೆಯನ್ನೆಲ್ಲ ಹೊರಗೆಳೆದು, ಬಿಚ್ಚಿ, ಹೊಸ ಬಿಟ್ ತೊಡಿಸಿ, ಮತ್ತೆ ಇಳಿಸಬೇಕು. ಜೊತೆಗೆ ಮಣ್ಣು ಮತ್ತು ರಾಸಾಯನಿಕಗಳನ್ನು ಕಲಸಿದ ಒಂದು ರಾಡಿಯನ್ನು ಕೊಳವೆಯೊಳಗಿಂದ ಒತ್ತಿ ಇಳಿಸುತ್ತಾರೆ. ಅದು ಕಲ್ಲಿನ ಚೂರುಗಳನ್ನು ಹೊತ್ತು ಹೊರಸುತ್ತಿನಿಂದ ಮೇಲೆ ಬರುತ್ತದೆ. ಅದರ ತೂಕವೇ ನೆಲದಾಳದ ಅನಿಲದ ಒತ್ತಡಕ್ಕೆ ಮುಚ್ಚಳ. ಆ ತೂಕದ ಲೆಕ್ಕ ತಪ್ಪಿದರೆ ಅನಿಲ ನುಗ್ಗಿ ಬಂದು ಒಂದೇ ಕಿಡಿಗೆ ಎಲ್ಲವೂ ಹೊತ್ತಿಕೊಂಡೀತು. ಗೋಪುರದ ಕೆಳಗೆ ಕಬ್ಬಿಣದ ಭಾರಿ ಇಕ್ಕಳಗಳಿಂದ ಕೊಳವೆಗಳನ್ನು ಬಿಗಿಯುವವರನ್ನು ಅಲ್ಲಿ ರಫ್‌ನೆಕ್ ಎನ್ನುತ್ತಾರೆ. ಹೊಸದಾಗಿ ಸೇರಿದವನಿಗೆ ‘ಹುಳ’ ಎಂಬ ಅರ್ಥದ ಹೆಸರು. ಹನ್ನೆರಡು ಗಂಟೆಗಳ ಪಾಳಿ. ಹಗಲಿರುಳೆನ್ನದೆ ಯಂತ್ರ ತಿರುಗುತ್ತಲೇ ಇರಬೇಕು.

ಈ ಕೆಲಸದ ಬಹುಭಾಗ ಒಂದೇ ಚಲನೆಯ ಪುನರಾವೃತ್ತಿ. ಕೂಡಿಸು, ಬಿಗಿ, ಇಳಿಸು, ಮತ್ತೆ ಕೂಡಿಸು. ಆದರೆ ಪುನರಾವೃತ್ತಿಯನ್ನು ಕಿರುತೆರೆ ಸಹಿಸಲಾರದು. ‘ಬ್ಲ್ಯಾಕ್ ಗೋಲ್ಡ್’ ಮಾಡಿದ ಮೊದಲ ಉಪಾಯವೆಂದರೆ ಬೇರೆ ಬೇರೆ ತಂಡಗಳನ್ನು ಒಂದರ ಮಗ್ಗುಲಿಗೆ ಒಂದಿಟ್ಟು ಅವರ ಕೆಲಸವನ್ನು ಪಂದ್ಯವಾಗಿಸಿದ್ದು. ಯಾರು ಮೊದಲು ಎಣ್ಣೆ ಮುಟ್ಟುತ್ತಾರೆ ಎಂಬ ಕುತೂಹಲ ಹುಟ್ಟಿತೆಂದರೆ ಉಳಿದದ್ದು ಸಂಕಲನಕಾರನ ಕೈಚಳಕ. ನೂರಾರು ತಾಸು ಚಿತ್ರಿಸಿ ಮುಕ್ಕಾಲು ತಾಸಿಗೆ ಇಳಿಸುವಾಗ ಏನು ಉಳಿಯಬೇಕೆಂಬುದನ್ನು ತೀರ್ಮಾನಿಸಲೆಂದೇ ಕತೆಗಾರರಂಥವರು ಇರುತ್ತಾರೆ. ಅವರನ್ನು ಲೇಖಕರೆಂದು ಮಾತ್ರ ಕರೆಯುವುದಿಲ್ಲ. ದುಡಿಮೆಗಾರನನ್ನು ಬೇರೆ ಕೂಡಿಸಿ ಮಾತಾಡಿಸುತ್ತಾರೆ. ಅವನು ಎಂದೋ ಆಡಿದ ಎರಡು ಮಾತುಗಳನ್ನು ಹೊಲಿದು ಒಂದೇ ವಾಕ್ಯವಾಗಿಸುವ ವಿದ್ಯೆಯೂ ಆ ಉದ್ಯಮದಲ್ಲಿ ಉಂಟು. ಸರಪಳಿ ಸ್ವಲ್ಪ ಜಾರಿದರೆ ತಮಟೆಯಂಥ ಸದ್ದು, ಹಿರಿಯನ ಬೈಗುಳ, ಹೊಸಬನ ಬೆದರಿದ ಮುಖ, ಅಷ್ಟಕ್ಕೇ ನಿಲ್ಲಿಸಿ ಜಾಹೀರಾತು. ಗದುಗಿನ ವೀರನಾರಾಯಣನ ನೆರಳಿನಲ್ಲಿ ಭಾರತ ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಇದು ಚೋದ್ಯವೆನಿಸಬಹುದು: ಸಂಜಯನು ಕುರುಡ ದೊರೆಗೆ ಯುದ್ಧವನ್ನು ಹೇಳುವಾಗ ಭೀಷ್ಮನು ಬೀಳುವ ಹೊತ್ತಿಗೆ ಸಾಬೂನು ಮಾರಲು ಎದ್ದುಹೋಗಲಿಲ್ಲ.

ಇದನ್ನೆಲ್ಲ ಸುಳ್ಳೆಂದು ತಳ್ಳಿಹಾಕುವವನು ನಾನಲ್ಲ. ಪೆಟ್ರೋಲ್ ಸುಡುವ ಕೋಟ್ಯಂತರ ಜನ ಅದನ್ನು ತೆಗೆಯುವ ಕೈಗಳನ್ನು ನೋಡಿರಲಿಲ್ಲ. ಈ ಕಾರ್ಯಕ್ರಮಗಳು ತೋರಿಸಿದವು. ಬಂದ ತೊಡಕು ಬೇರೆ. ಅಪಾಯವೆಂದರೆ ಕಣ್ಣಿಗೆ ಕಾಣುವ ಅಪಾಯ ಎಂಬ ತಿಳಿವಳಿಕೆ ನೋಡುವವನಲ್ಲಿ ಬೇರೂರುತ್ತದೆ. ಲೆಕ್ಕ ಏನು ಹೇಳುತ್ತದೆ ನೋಡಿ. ಅಮೆರಿಕ ಸರಕಾರದ ರೋಗ ನಿಯಂತ್ರಣ ಕೇಂದ್ರವು 2015ರಲ್ಲಿ ಪ್ರಕಟಿಸಿದಂತೆ, 2003ರಿಂದ 2013ರವರೆಗೆ ಎಣ್ಣೆ ಮತ್ತು ಅನಿಲ ತೆಗೆಯುವ ಉದ್ಯಮದಲ್ಲಿ 1,189 ಮಂದಿ ದುಡಿಮೆಯಲ್ಲಿ ಸತ್ತರು. ಆ ಹೊತ್ತಿನಲ್ಲಿ ಅಲ್ಲಿನ ಸಾವಿನ ಪ್ರಮಾಣ ಇತರ ಎಲ್ಲ ಉದ್ಯೋಗಗಳ ಸರಾಸರಿಗಿಂತ ಸುಮಾರು ಏಳುಪಟ್ಟು ಇತ್ತು. ಇವರಲ್ಲಿ ಬೆಂಕಿ ಮತ್ತು ಸ್ಫೋಟಗಳಿಂದ ಸತ್ತವರು ಏಳರಲ್ಲಿ ಒಬ್ಬರು. ಎಲ್ಲಕ್ಕಿಂತ ದೊಡ್ಡ ಪಾಲು, ಹತ್ತರಲ್ಲಿ ನಾಲ್ವರು, ಸಾರಿಗೆಯ ಅಪಘಾತಗಳಲ್ಲಿ ಸತ್ತವರು. ಅವುಗಳಲ್ಲಿಯೂ ಹೆಚ್ಚಿನವು ರಸ್ತೆಯ ಮೇಲಿನವು. ಹನ್ನೆರಡು ತಾಸು ಇಕ್ಕಳ ಹಿಡಿದವನು ನೂರಾರು ಮೈಲಿ ವಾಹನ ನಡೆಸಬೇಕು, ಕಣ್ಣು ಕೂಡುತ್ತದೆ. ತೂಕಡಿಸುವ ಮನುಷ್ಯ ಕ್ಯಾಮೆರಾಕ್ಕೆ ಒಳ್ಳೆಯ ವಸ್ತುವಲ್ಲ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕಂಪನಿಯ ಅಪ್ಪಣೆಯಿಲ್ಲದೆ ಕ್ಯಾಮೆರಾ ಬಾವಿಯ ಹತ್ತಿರ ಸುಳಿಯಲಾರದು. ಪಾಳಿ ಇಷ್ಟು ಉದ್ದ ಏಕೆ ಎಂಬ ಪ್ರಶ್ನೆಯನ್ನು ಅಪ್ಪಣೆ ಕೊಟ್ಟವರ ಅಂಗಳದಲ್ಲಿ ನಿಂತು ಕೇಳುವವರು ಯಾರು? ಆದ್ದರಿಂದ ತಪ್ಪೆಲ್ಲ ‘ಹುಳ’ದ ತಲೆಗೆ ಬರುತ್ತದೆ.

ನಮ್ಮ ದೇಶದಲ್ಲಿ ಎಣ್ಣೆಬಾವಿಯವರು ತೆರೆಗೆ ಬರುವುದು ದುರಂತದ ದಿನ ಮಾತ್ರ ಎಂದರೆ ಹೆಚ್ಚಿನ ಮಾತಾಗಲಾರದು. ಅಸ್ಸಾಮಿನ ಬಾಗ್‌ಜಾನ್ ಬಾವಿ 2020ರ ಮೇ 27ರಂದು ಸಿಡಿದು ಜೂನ್ 9ರಂದು ಹೊತ್ತಿಕೊಂಡಿತು. ಬೆಂಕಿ ಆರಿಸಲು ಹೋದ ಇಬ್ಬರು ಪ್ರಾಣ ಬಿಟ್ಟರು. ಬೆಂಕಿ ಐದು ತಿಂಗಳಿಗೂ ಮೇಲ್ಪಟ್ಟು ಉರಿಯಿತು, ವಾರ್ತಾವಾಹಿನಿಗಳ ಆಸಕ್ತಿ ಅಷ್ಟು ದಿನ ಉರಿಯಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಮುಂಬಯಿ ಕಡಲಿನಲ್ಲಿ ಪಿ-305 ಎಂಬ ವಸತಿದೋಣಿ ಮುಳುಗಿತು. ಅದರಲ್ಲಿದ್ದವರು 261 ಮಂದಿ. ವರಪ್ರದ ಎಂಬ ಎಳೆದೋಣಿಯವರೂ ಸೇರಿ 80ಕ್ಕೂ ಹೆಚ್ಚು ಜನ ಸತ್ತರು. ನೌಕಾಪಡೆಯವರು ನೀರಿನಿಂದ ಜನರನ್ನು ಎತ್ತುವ ದೃಶ್ಯವನ್ನು ನಾವೆಲ್ಲ ನೋಡಿದೆವು. ಆ ದೋಣಿಯಲ್ಲಿ ಅವರು ತಿಂಗಳಾನುಗಟ್ಟಲೆ ಹೇಗೆ ಬದುಕಿದ್ದರು ಎಂಬುದನ್ನು ಅದಕ್ಕೆ ಮುಂಚೆ ತೋರಿಸಿದವರನ್ನು ನಾನು ಕಾಣೆ.

ಕರ್ನಾಟಕದಲ್ಲಿ ಎಣ್ಣೆಬಾವಿಯಿಲ್ಲ, ನೆಲದಾಳದ ದುಡಿಮೆಗೆ ನಮ್ಮಲ್ಲಿ ದೊಡ್ಡ ಹೆಸರು ಕೋಲಾರದ ಚಿನ್ನದ ಗಣಿ. 2018ರಲ್ಲಿಯೂ 2022ರಲ್ಲಿಯೂ ಬಂದ ‘ಕೆ.ಜಿ.ಎಫ್.’ ಚಲನಚಿತ್ರಗಳಿಂದ ಆ ಮೂರಕ್ಷರ ದೇಶಕ್ಕೆಲ್ಲ ಗೊತ್ತಾಯಿತು. ಅವು ಕಟ್ಟುಕತೆಗಳು, ಕಟ್ಟುಕತೆಯೆಂದೇ ಬಂದವು. ಅವುಗಳೊಡನೆ ನನಗೆ ತಕರಾರಿಲ್ಲ. ನಿಜವಾದ ಗಣಿಯಲ್ಲಿ ಬಂದೂಕಿಗಿಂತ ಭಯಂಕರವಾದದ್ದು ಧೂಳು. ಮೂರು ಸಾವಿರ ಮೀಟರಿಗಿಂತ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಕಲ್ಲು ಕೊರೆದಾಗ ಎದ್ದ ಸಿಲಿಕಾ ಧೂಳು ಪುಪ್ಪುಸದಲ್ಲಿ ಕೂತು ವರ್ಷಗಳ ಮೇಲೆ ಉಸಿರನ್ನು ಕಟ್ಟುತ್ತಿತ್ತು. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಖಳನಾಯಕನಿಲ್ಲ, ಕೊನೆಯ ಹೊಡೆದಾಟವಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಮ್ಮು ಅಂದೇ ಮುಗಿಯಿತೇ? ಇಂಥ ನಿಧಾನದ ನೋವನ್ನು ಹಿಡಿಯಲು ಸಾಹಿತ್ಯಕ್ಕೆ ಒಂದು ತಾಳ್ಮೆಯಿದೆ. 1933ರಷ್ಟು ಹಿಂದೆ ಶಿವರಾಮ ಕಾರಂತರು ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳನ್ನು ಕಾಫಿ ತೋಟಕ್ಕೆ ಕಳಿಸುವಾಗ ಅಲ್ಲಿನ ಸಾಹಸವನ್ನು ವರ್ಣಿಸಲಿಲ್ಲ, ಅವರನ್ನು ಅಲ್ಲಿಗೆ ತಳ್ಳಿದ ಸಾಲವನ್ನು ತೋರಿಸಿದರು. ಕಿರುತೆರೆಯ ದುಡಿಮೆಗಾರನಿಗೆ ಧೈರ್ಯವಿದೆ, ಸಿಟ್ಟಿದೆ, ತೋಳಿನ ಮೇಲೆ ಹಚ್ಚೆಯಿದೆ; ಸಾಲ ಮಾತ್ರ ಇದ್ದರೂ ಹೆಸರಿಗಷ್ಟೇ.

ಕನ್ನಡ ವಾಹಿನಿಗಳು ಕಷ್ಟದ ಬದುಕನ್ನು ಮುಟ್ಟಿದ ರೀತಿ ಇನ್ನೂ ವಿಚಿತ್ರ. 2010ರಲ್ಲಿ ಸುವರ್ಣ ವಾಹಿನಿಯಲ್ಲಿ ಬಂದ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ಕಾರ್ಯಕ್ರಮದಲ್ಲಿ ನಗರದ ಹುಡುಗಿಯರು ಹಳ್ಳಿಗೆ ಬಂದು ಹಳ್ಳಿಯ ಕೆಲಸಗಳನ್ನು ಮಾಡಬೇಕಿತ್ತು. ನಮ್ಮ ಹೆಣ್ಣುಮಕ್ಕಳು ನಸುಕಿನಲ್ಲೆದ್ದು ಯಾರಿಗೂ ಹೇಳದೆ ಮುಗಿಸುವ ಸಗಣಿ ಬಾಚುವ ಕೆಲಸ ಅಲ್ಲಿ ‘ಟಾಸ್ಕ್’ ಆಯಿತು. ಮಾಡಲಾರದೆ ಅತ್ತದ್ದು ರಂಜನೆಯಾಯಿತು. ಅದರ ಬೆನ್ನಿಗೆ ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಬಂದಿತು. ಮೈಸೂರು ಜಿಲ್ಲೆಯ ಕಾಡಂಚಿನ ಹಾಡಿಯ ತರುಣ ರಾಜೇಶ್ ಅದರಲ್ಲಿ ಗೆದ್ದ, ನಾಡಿಗೆಲ್ಲ ಪರಿಚಿತನಾದ, ‘ಜಂಗಲ್ ಜಾಕಿ’ ಎಂಬ ಚಿತ್ರದಲ್ಲಿ ನಾಯಕನಾದ. 2013ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಹಡಿಯಿಂದ ಬಿದ್ದು ತೀರಿಕೊಂಡ. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ಸಲ್ಲದು, ನಾನು ಹುಡುಕುವುದಿಲ್ಲ. ಆದರೆ ಒಬ್ಬನ ಬಡತನವನ್ನು ವಿನೋದದ ವಸ್ತುವಾಗಿ ಕೊಂಡವರು, ಕಾರ್ಯಕ್ರಮ ಮುಗಿದ ಮರುದಿನ ಅವನು ಎಲ್ಲಿಗೆ ಹೋಗಬೇಕೆಂದು ಯೋಚಿಸಿರುತ್ತಾರೆಯೇ ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ.

ಅಡರಕಟ್ಟಿಯಂಥ ಊರಿನಲ್ಲಿ ಎಣ್ಣೆಬಾವಿಯ ಹತ್ತಿರದ ನಂಟನೆಂದರೆ ಕೊಳವೆಬಾವಿ. ಲಕ್ಷ್ಮೇಶ್ವರದ ಸುತ್ತಿನ ಹೊಲಗಳಲ್ಲಿ ಬೇಸಿಗೆ ಬಂತೆಂದರೆ ಬೋರ್ ಕೊರೆಯುವ ಗಾಡಿಗಳ ಸದ್ದು. ಒಂದು ಲಾರಿಯ ಮೇಲೆ ಕೊರೆಯುವ ಯಂತ್ರ, ಇನ್ನೊಂದರ ಮೇಲೆ ಕೊಳವೆಗಳು. ಇಲ್ಲಿ ರಾಡಿಯಿಲ್ಲ, ಗಾಳಿಯ ಒತ್ತಡದಿಂದಲೇ ಕಲ್ಲಿನ ಪುಡಿ ಮೇಲೆ ಹಾರುತ್ತದೆ. ನೀರು ಸಿಕ್ಕುವವರೆಗೆ ಹೊಲವೆಲ್ಲ ಬಿಳಿ ಧೂಳು. ಕೊಳವೆ ಕೂಡಿಸುವ ಹುಡುಗರ ಬಾಯಿಗೆ ಒಂದು ಟವೆಲ್ಲು, ಅಷ್ಟೇ ರಕ್ಷಣೆ. ಹೊಲದೊಡೆಯ ಅಡಿಯ ಲೆಕ್ಕದಲ್ಲಿ ಹಣ ಕೊಡಬೇಕಾದ್ದರಿಂದ ಅವನ ಕಣ್ಣೆಲ್ಲ ನೀರಿನ ಮೇಲೆ. ಐನೂರು ಅಡಿ ದಾಟಿಯೂ ಧೂಳೇ ಬಂದರೆ ಅವನ ಮುಖ ನೋಡಲಾಗದು. ಹುಡುಗರ ಮುಖವನ್ನು ಹೇಗೂ ಯಾರೂ ನೋಡುವುದಿಲ್ಲ.

ನಮ್ಮ ಓಣಿಯ ಹುಡುಗನೊಬ್ಬ ಮೂರು ವರ್ಷಗಳಿಂದ ಇಂಥ ಗಾಡಿಯ ಮೇಲೆ ದುಡಿಯುತ್ತಾನೆ. ಯುಗಾದಿಗೆ ಬಂದಾಗ ನಮ್ಮ ಮನೆಗೂ ಬಂದ. ಅವನ ಮೊಬೈಲಿನಲ್ಲಿ ಎಣ್ಣೆಬಾವಿಯ ಆ ಅಮೆರಿಕನ್ ಕಾರ್ಯಕ್ರಮಗಳ ತುಣುಕುಗಳು ಬೇಕಾದಷ್ಟಿದ್ದವು. ಭಾಷೆ ತಿಳಿಯದಿದ್ದರೂ ಕೆಲಸ ಅವನಿಗೆ ತಿಳಿಯುತ್ತಿತ್ತು. ಇಕ್ಕಳ ಹಿಡಿಯುವ ಭಂಗಿಯಲ್ಲಿನ ತಪ್ಪನ್ನು ನನಗೆ ತೋರಿಸಿಕೊಟ್ಟ. ಹೇಗಿದೆ ಎಂದು ಕೇಳಿದೆ. “ಛಲೋ ಅದಾವ್ರಿ ಸರ. ಆದ್ರ ಅವರ ಜಗಳ ಅಷ್ಟ ತೋರಸ್ತಾರ್ರಿ, ಪಗಾರ ಯಾವಾಗ ಕೊಡ್ತಾರ ಅನ್ನೂದ ತೋರಸೂದಿಲ್ರಿ,” ಎಂದು ನಕ್ಕ. ನಗುವಿನ ಬೆನ್ನಿಗೇ ಒಣ ಕೆಮ್ಮು ಬಂತು; ಲಕ್ಷ್ಮೇಶ್ವರಕ್ಕೆ ಹೋಗಿ ಎದೆಯನ್ನು ಪರೀಕ್ಷೆ ಮಾಡಿಸೆಂದು ಹೇಳಿದೆ. ನೀನೇ ಚಿತ್ರ ತೆಗೆಯುವಂತಿದ್ದರೆ ಏನು ತೋರಿಸುತ್ತೀ ಎಂದು ಕೇಳಿದ್ದಕ್ಕೆ ತುಸು ಯೋಚಿಸಿ ಹೇಳಿದ: “ಒಂದ ಹೊಲಾ ಮುಗದ ಮ್ಯಾಲೆ ರಾತ್ರಿನ ಇನ್ನೊಂದ ಊರಿಗೆ ಹೊಂಡತೇವಲ್ರಿ. ಲಾರಿ ಮ್ಯಾಲೆ ಪೈಪಿನ ನಡುವ ಮಲಗಿರ್ತೇವ್ರಿ. ಡ್ರಾಯವ್ಹರನೂ ಎರಡ ದಿನದಿಂದ ನಿದ್ದಿ ಮಾಡಿರೂದಿಲ್ರಿ. ಆದ್ರ ಅದನ್ನ ಯಾರ ನೋಡ್ತಾರ್ರಿ?”

ಹಬ್ಬವಾದ ಮೂರನೆಯ ದಿನ ಅವನು ಮತ್ತೆ ಗಾಡಿಗೆ ಹೋದ.