ಬೀದಿ ಎಲ್ಲರದು, ಮುಖ ಯಾರದು?

ಬೆಂಗಳೂರಿನ ಛಾಯಾಚಿತ್ರಗಳು ಎಂದೊಡನೆ ಕಣ್ಣ ಮುಂದೆ ಬರುವ ದೃಶ್ಯಗಳು ಹೆಚ್ಚೂಕಡಿಮೆ ನಿಗದಿಯಾಗಿಬಿಟ್ಟಿವೆ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ರಾಶಿ, ಕಬ್ಬನ್ ಉದ್ಯಾನದ ಬೆಳಗಿನ ಮಂಜು, ಬಸವನಗುಡಿಯ ಕಡಲೆಕಾಯಿ ಪರಿಷೆ, ಕರಗದ ರಾತ್ರಿ, ಚರ್ಚ್ ಸ್ಟ್ರೀಟಿನ ಸಂಜೆ. ವಾರಾಂತ್ಯದಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಗುಂಪಾಗಿ ಹೊರಡುವ ಹವ್ಯಾಸಿಗಳ ದಾರಿ ಬಹುಮಟ್ಟಿಗೆ ಇತ್ತಲೇ. ತುಮಕೂರು ರಸ್ತೆಯ ಪೀಣ್ಯ, ಅದಕ್ಕೆ ಒತ್ತಿಕೊಂಡಂತಿರುವ ಲಗ್ಗೆರೆ, ರಾಜಗೋಪಾಲನಗರ, ಹೆಗ್ಗನಹಳ್ಳಿಗಳು ಈ ಚಿತ್ರಸಂಪುಟದಲ್ಲಿ ಸಿಗುವುದು ವಿರಳ.

ಈ ಗೈರುಹಾಜರಿ ಸಣ್ಣ ಸಂಗತಿಯಲ್ಲ. ಕಳೆದ ಶತಮಾನದ ಎಪ್ಪತ್ತರ ದಶಕದಿಂದ ಬೆಳೆದು ಬಂದ ಪೀಣ್ಯ, ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂದು ಹೆಸರಾಗಿದೆ. ಅದಕ್ಕೆ ದುಡಿಯುವ ಕೈಗಳನ್ನು ಒದಗಿಸುವ ಬಡಾವಣೆಗಳಲ್ಲಿ ಲಗ್ಗೆರೆ ಮುಖ್ಯವಾದದ್ದು. ಹೊಲ ತೋಟಗಳ ಹಳ್ಳಿಯೊಂದು ಎರಡು ಮೂರು ದಶಕಗಳಲ್ಲಿ ವಠಾರ, ವರ್ಕ್‌ಶಾಪು, ಬಾಡಿಗೆ ಮನೆಗಳ ದಟ್ಟಣೆಯಾಗಿ ಬದಲಾಯಿತು. ಲೇಥ್ ಯಂತ್ರದ ಮುಂದೆ ನಿಲ್ಲುವವರು, ಊಟದ ಡಬ್ಬಿ ಹಿಡಿದು ಬೆಳಿಗ್ಗೆ ಸಿದ್ಧ ಉಡುಪು ಕಾರ್ಖಾನೆಗಳತ್ತ ಸಾಲುಸಾಲಾಗಿ ನಡೆಯುವ ಹೆಣ್ಣುಮಕ್ಕಳು, ಉತ್ತರ ಕರ್ನಾಟಕದಿಂದಲೂ ದೂರದ ಬಿಹಾರ, ಒಡಿಶಾಗಳಿಂದಲೂ ಬಂದವರು ಇಲ್ಲಿನ ಬೀದಿಗಳನ್ನು ತುಂಬಿದ್ದಾರೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಣ ಹಿಂಪಡೆಯುವ ನಿಯಮವನ್ನು ಬಿಗಿಗೊಳಿಸಿದ ಕೇಂದ್ರದ ಕ್ರಮವನ್ನು ವಿರೋಧಿಸಿ ಸಿದ್ಧ ಉಡುಪು ಕಾರ್ಮಿಕರು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದಾಗ ಇವರ ಮುಖಗಳು ದೇಶಕ್ಕೆ ಕಂಡವು. ಕೇಂದ್ರ ನಿಯಮವನ್ನು ಹಿಂದಕ್ಕೆ ಪಡೆಯಿತು. ಕ್ಯಾಮೆರಾಗಳೂ ಹಿಂದಕ್ಕೆ ಹೋದವು. ಬಸ್ಸಿಗೆ ಬೆಂಕಿ ಬಿದ್ದಾಗ ಮಾತ್ರ ಕಾಣಿಸಿಕೊಳ್ಳುವ ಜನಸಮುದಾಯಕ್ಕೆ ತನ್ನ ದೈನಿಕದ ದಾಖಲೆ ಎಂಬುದೇ ಇರುವುದಿಲ್ಲ.

ಆ ದೈನಿಕವನ್ನು ಹಿಡಿಯಬಲ್ಲದ್ದು ಬೀದಿ ಛಾಯಾಗ್ರಹಣ. ಭಂಗಿ ಕೊಡಿಸದೆ, ಬೆಳಕು ಹೊಂದಿಸದೆ, ಇದ್ದುದನ್ನು ಇದ್ದ ಹಾಗೆ ಸೆರೆಹಿಡಿಯುವುದು ಅದರ ಸ್ವಭಾವ. ಆದರೆ ಲಗ್ಗೆರೆಯಂಥ ಕಡೆ ಈ ಕಲೆ ಇಂದು ಎದುರಿಸುತ್ತಿರುವ ಕಷ್ಟ ಬೆಳಕಿನದೂ ಅಲ್ಲ, ಮಸೂರದ್ದೂ ಅಲ್ಲ. ಅದು ವಿಶ್ವಾಸದ ಬಿಕ್ಕಟ್ಟು.

ಕಾನೂನಿನ ಕಡೆಯಿಂದ ನೋಡಿದರೆ ಛಾಯಾಗ್ರಾಹಕನ ಹಾದಿ ಬಹಳಷ್ಟು ಸುಗಮವಾಗಿಯೇ ಇದೆ. ಸಾರ್ವಜನಿಕ ರಸ್ತೆಯಲ್ಲಿ ನಿಂತು ಚಿತ್ರ ತೆಗೆಯುವುದನ್ನು ಸಾರಾಸಗಟಾಗಿ ನಿಷೇಧಿಸುವ ಕಾಯ್ದೆ ನಮ್ಮಲ್ಲಿಲ್ಲ. ನಿರ್ಬಂಧಿತ ಸ್ಥಳಗಳ ಮಾತು ಬೇರೆ. ಪೀಣ್ಯದಲ್ಲಿ ಇಸ್ರೊ ಸಂಸ್ಥೆಯ ಇಸ್ಟ್ರಾಕ್ ಕೇಂದ್ರವಿದೆ, ಪಕ್ಕದ ಜಾಲಹಳ್ಳಿಯಲ್ಲಿ ವಾಯುಪಡೆಯ ನೆಲೆಯೂ ಬಿಇಎಲ್ ಕಾರ್ಖಾನೆಯೂ ಇವೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇಂಥ ಕಡೆ ಎಚ್ಚರಿಕೆ ಬಯಸುತ್ತದೆ. ಉಳಿದಂತೆ, ಖಾಸಗಿ ಕಾರ್ಖಾನೆಯ ಕಾವಲುಗಾರನಿಗೆ ತನ್ನ ಗೇಟಿನ ಒಳಗೆ ಇರುವ ಅಧಿಕಾರ ಗೇಟಿನ ಮುಂದಿನ ರಸ್ತೆಯ ಮೇಲಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಒಡೆತನ ಸಾಮಾನ್ಯವಾಗಿ ತೆಗೆದವರದು, ಚಿತ್ರದಲ್ಲಿರುವವರದಲ್ಲ.

ಇದರ ಎದುರಿಗೆ ಇನ್ನೊಂದು ಹಕ್ಕು ಬೆಳೆದು ನಿಂತಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಮಹಿಳೆಯ ಖಾಸಗಿ ಕ್ಷಣಗಳನ್ನು ಕದ್ದು ಚಿತ್ರೀಕರಿಸುವುದನ್ನು 2013ರ ತಿದ್ದುಪಡಿ ಅಪರಾಧವಾಗಿಸಿತು. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಅದು ಮುಂದುವರಿದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ವಂತಕ್ಕೆ, ಮನೆಮಟ್ಟಿಗೆ ಮಾಡುವ ಬಳಕೆಗೆ ವಿನಾಯಿತಿ ನೀಡಿದೆ. ಆದರೆ ಬೀದಿಯಲ್ಲಿ ತೆಗೆದು ಜಗತ್ತಿಗೆ ಹಂಚುವ ಚಿತ್ರ ಮನೆಮಟ್ಟಿನದು ಹೇಗಾದೀತು? ಈ ಪ್ರಶ್ನೆ ನ್ಯಾಯಾಲಯಗಳ ಮುಂದೆ ಬಂದೇ ಬರುತ್ತದೆ.

ಹೊರಗಿನ ನ್ಯಾಯಾಲಯಗಳೂ ಒಮ್ಮತಕ್ಕೆ ಬಂದಿಲ್ಲ. ಮಾಂಟ್ರಿಯಲ್ ನಗರದ ಕಟ್ಟಡವೊಂದರ ಮೆಟ್ಟಿಲ ಮೇಲೆ ಕುಳಿತಿದ್ದ ಹದಿನೇಳರ ಹುಡುಗಿಯ ಚಿತ್ರವನ್ನು ಅವಳ ಒಪ್ಪಿಗೆಯಿಲ್ಲದೆ ಪ್ರಕಟಿಸಿದ್ದು ತಪ್ಪೆಂದು ಕೆನಡಾದ ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ಹೇಳಿ, ಎರಡು ಸಾವಿರ ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ದಾರಿಹೋಕರ ಮುಖಗಳನ್ನು ಅವರ ಅರಿವಿಗೆ ಬಾರದಂತೆ ಸೆರೆಹಿಡಿದ ಫಿಲಿಪ್-ಲೋರ್ಕಾ ಡಿಕೋರ್ಸಿಯಾ ವಿರುದ್ಧ ಧರ್ಮನಿಷ್ಠ ವೃದ್ಧರೊಬ್ಬರು ಹೂಡಿದ ದಾವೆಯನ್ನು ಅಲ್ಲಿನ ನ್ಯಾಯಾಲಯ 2006ರಲ್ಲಿ ವಜಾ ಮಾಡಿತು. ಅದು ಕಲೆ, ಆದ್ದರಿಂದ ಅಭಿವ್ಯಕ್ತಿಯ ಹಕ್ಕು ಎಂಬುದು ಆ ತೀರ್ಪಿನ ತಿರುಳು. ಒಂದೇ ಪ್ರಶ್ನೆಗೆ ಎರಡು ಪ್ರಜಾಪ್ರಭುತ್ವಗಳು ಎರಡು ಉತ್ತರ ಕೊಟ್ಟಿರುವಾಗ, ಕಾನೂನೊಂದನ್ನೇ ನೆಚ್ಚಿಕೊಂಡು ಬೀದಿಗೆ ಇಳಿಯಲಾಗದು.

ಲಗ್ಗೆರೆಯ ಬೀದಿಗೆ ಕ್ಯಾಮೆರಾ ಏಕೆ ಅಳುಕು ಹುಟ್ಟಿಸುತ್ತದೆ ಎಂಬುದನ್ನು ಆ ಬೀದಿಯ ಕಡೆಯಿಂದಲೇ ನೋಡಬೇಕು. ನಗರದ ಅಂಚಿನ ಇಂಥ ಬಡಾವಣೆಗಳಲ್ಲಿ ಖಾತೆಯ ಗೊಂದಲ ಬಗೆಹರಿಯದ ನಿವೇಶನ, ನಕ್ಷೆ ಮೀರಿ ಎದ್ದ ಮಹಡಿ ಅಪರೂಪವಲ್ಲ. ಮನೆಯ ಮುಂದೆ ನಿಂತು ಚಿತ್ರ ತೆಗೆಯುವವನು ಮಾಲೀಕನ ಕಣ್ಣಿಗೆ ಪಾಲಿಕೆಯ ಸಿಬ್ಬಂದಿಯಾಗಿಯೋ, ದಾವೆಗೆ ಸಾಕ್ಷ್ಯ ಹುಡುಕುವ ಎದುರಾಳಿಯಾಗಿಯೋ ಕಾಣುತ್ತಾನೆ. ನಾಲ್ಕು ಯಂತ್ರಗಳ ಸಣ್ಣ ಘಟಕದ ಒಡೆಯನಿಗೆ ಕಾರ್ಮಿಕ ಇಲಾಖೆಯ ನೆನಪಾಗುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ನೆನಪಾಗುತ್ತದೆ. ದೂರದ ರಾಜ್ಯದಿಂದ ಬಂದವನಿಗೆ ಗುರುತಿನ ಚೀಟಿ ಕೇಳುವ ಪೊಲೀಸರದೇ ಭಯ. ಸಿದ್ಧ ಉಡುಪು ಕಾರ್ಖಾನೆಯ ಗೇಟಿನಲ್ಲಿ ಗೆಳತಿಯರೊಡನೆ ನಿಂತ ಯುವತಿಗೆ ತನ್ನ ಚಿತ್ರ ಮೇಲ್ವಿಚಾರಕನ ಕೈಗೆ ಸಿಕ್ಕರೇನು, ಊರಿನ ಮನೆಯವರ ಮೊಬೈಲಿಗೆ ತಲುಪಿದರೇನು ಎಂಬ ಆತಂಕ. ‘ಟಿ.ವಿ.ಯವರಾ?’ ಎಂಬ ಒಂದೇ ಪ್ರಶ್ನೆಯಲ್ಲಿ ಈ ಎಲ್ಲ ಅನುಮಾನಗಳೂ ಅಡಗಿರುತ್ತವೆ. ಕಬ್ಬನ್ ಉದ್ಯಾನದಲ್ಲಿ ವಾಯುವಿಹಾರಕ್ಕೆ ಬಂದವರು ಕ್ಯಾಮೆರಾ ಕಂಡು ನಕ್ಕು ಮುಂದೆ ಸಾಗಬಹುದು. ಅವರಿಗೆ ಕಳೆದುಕೊಳ್ಳಲು ಹೆಚ್ಚೇನಿಲ್ಲ. ಲಗ್ಗೆರೆಯವರ ಅಳುಕು ಅಜ್ಞಾನವಲ್ಲ, ಅನುಭವ.

ಆ ಅನುಭವಕ್ಕೆ ಎರಡು ಕಹಿ ಅಧ್ಯಾಯಗಳೂ ಸೇರಿವೆ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೊಡೆದು ಕೊಂದಿತು. ಅದೇ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಗಿ, ಹೈದರಾಬಾದಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಗುಂಪಿನ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಅಪರಿಚಿತನೊಬ್ಬ ಮಕ್ಕಳ ಕಡೆ ನೋಡುವುದೇ ಅಪಾಯವಾದ ಮೇಲೆ, ಮಕ್ಕಳತ್ತ ಕ್ಯಾಮೆರಾ ಎತ್ತುವ ಮಾತೆಲ್ಲಿ? ಮೈಸೂರಿನ ಟಿ.ಎಸ್. ಸತ್ಯನ್ ಅವರು ತೆಗೆದ ಭಾರತೀಯ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡಿದ್ದವು. ಕನ್ನಡನಾಡು ಕಂಡ ಆ ಹಿರಿಯ ಛಾಯಾಗ್ರಾಹಕ ಇಂದು ಲಗ್ಗೆರೆಯ ಓಣಿಯೊಂದರಲ್ಲಿ ಗೋಲಿಯಾಡುವ ಹುಡುಗರ ಮುಂದೆ ಮಂಡಿಯೂರಿದರೆ, ಮೊದಲು ತಮ್ಮ ಗುರುತು ಪರಿಚಯ ಒಪ್ಪಿಸಬೇಕಾಗುತ್ತಿತ್ತು.

ಎರಡನೆಯದು 2025ರದು. ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಮೆಟ್ರೊದಲ್ಲಿ ಪ್ರಯಾಣಿಸುವ ಮಹಿಳೆಯರನ್ನು ಕದ್ದು ಚಿತ್ರೀಕರಿಸಿ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದ ಖಾತೆಯೊಂದರ ಸಂಬಂಧ ಬಂಧನವಾಯಿತು. ಜುಲೈನಲ್ಲಿ ಚರ್ಚ್ ಸ್ಟ್ರೀಟಿನ ಯುವತಿಯರನ್ನು ಹೀಗೆಯೇ ಚಿತ್ರೀಕರಿಸಿದ ಆರೋಪದ ಮೇಲೆ ಮತ್ತೊಬ್ಬ ಸಿಕ್ಕಿಬಿದ್ದ. ಬೀದಿಯ ಬದುಕನ್ನು ಚಿತ್ರೀಕರಿಸುತ್ತಿದ್ದೇವೆ ಎಂಬ ಸೋಗಿನಲ್ಲಿ ನಡೆದ ಈ ಕೃತ್ಯಗಳಿಂದ ಮೊದಲು ನೊಂದವರು ಆ ಹೆಣ್ಣುಮಕ್ಕಳು. ಅವರ ನಂತರ ಪೆಟ್ಟು ತಿಂದದ್ದು ಪ್ರಾಮಾಣಿಕ ಛಾಯಾಗ್ರಾಹಕರ ವಿಶ್ವಾಸಾರ್ಹತೆ.

‘ಮಹಾನ್ ಕಲಾವಿದರೂ ಕದ್ದೇ ತೆಗೆದರಲ್ಲ’ ಎಂಬ ವಾದ ಇಲ್ಲಿ ಏಳುವುದು ಸಹಜ. ನಿಜ, ಆಂರಿ ಕಾರ್ಟಿಯೆ-ಬ್ರೆಸಾನ್ 1952ರಲ್ಲಿ ಪ್ರಕಟಿಸಿದ ಹೆಸರಾಂತ ಗ್ರಂಥದ ಫ್ರೆಂಚ್ ಶೀರ್ಷಿಕೆಯಲ್ಲೇ ಕದ್ದುಮುಚ್ಚಿ, ಅವಸರದಲ್ಲಿ ತೆಗೆದ ಚಿತ್ರಗಳೆಂಬ ಧ್ವನಿಯಿದೆ. ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟು ಎದುರು ಕುಳಿತವರನ್ನು ಸೆರೆಹಿಡಿದರು. ಆದರೆ ಅವರು ಆ ಚಿತ್ರಗಳನ್ನು ಪುಸ್ತಕವಾಗಿ ಹೊರತಂದದ್ದು 1966ರಲ್ಲಿ. ಕಾಲು ಶತಮಾನದ ಆ ಅಂತರ ಚಿತ್ರದಲ್ಲಿದ್ದವರಿಗೆ ಒಂದು ಬಗೆಯ ರಕ್ಷಣೆಯಾಯಿತು. ಅಂದು ಕಳವಾದದ್ದು ಒಂದು ಕ್ಷಣ ಮಾತ್ರ. ಇಂದು ಅದೇ ಕ್ಷಣ ಅರೆ ನಿಮಿಷದಲ್ಲಿ ಲಕ್ಷ ಜನರ ಅಂಗೈಗೆ ಬಂದು, ಕೊಳಕು ಟೀಕೆಗಳಿಗೆ ಆಹಾರವಾಗಿ, ಅಳಿಸಲಾಗದ ಗುರುತಾಗಿ ಉಳಿಯಬಲ್ಲದು. ತಂತ್ರಜ್ಞಾನ ಬದಲಾದಾಗ ನೀತಿಯೂ ಬದಲಾಗದೆ ಗತ್ಯಂತರವಿಲ್ಲ.

ಈ ನಡುವೆ ಇನ್ನೊಂದು ವೈರುಧ್ಯವನ್ನು ಗಮನಿಸದೆ ಇರಲಾಗದು. ಜನ ಹೆಚ್ಚಾಗಿ ಸೇರುವ ಸಂಸ್ಥೆಗಳು ಸಿ.ಸಿ. ಟಿ.ವಿ. ಕ್ಯಾಮೆರಾ ಅಳವಡಿಸಿ, ಮೂವತ್ತು ದಿನ ದೃಶ್ಯಗಳನ್ನು ಕಾಪಿಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಸುರಕ್ಷಿತ ನಗರ ಯೋಜನೆಯಡಿ ಪೊಲೀಸರು ನಗರದಲ್ಲಿ ಸಾವಿರಾರು ಕ್ಯಾಮೆರಾಗಳನ್ನು ನೆಟ್ಟಿದ್ದಾರೆ. ಗೋಡೆಯ ಮೇಲಿನ ಕ್ಯಾಮೆರಾವನ್ನು ಯಾರೂ ‘ಏಕೆ ತೆಗೆಯುತ್ತೀ’ ಎಂದು ಕೇಳುವುದಿಲ್ಲ, ಕೇಳಿದರೆ ಉತ್ತರಿಸುವವರೂ ಅಲ್ಲಿಲ್ಲ. ಕೈಯಲ್ಲಿ ಕ್ಯಾಮೆರಾ ಹಿಡಿದ ಮನುಷ್ಯನನ್ನಾದರೋ ತಡೆದು ನಿಲ್ಲಿಸಬಹುದು, ಪ್ರಶ್ನಿಸಬಹುದು, ಬೇಡವೆನ್ನಬಹುದು. ಈ ಪ್ರಶ್ನೆಗೆ ಸಿಗುವಂತಿರುವುದೇ ಬೀದಿ ಛಾಯಾಗ್ರಾಹಕನ ಶಕ್ತಿ. ತನ್ನ ಮುಖ ತೋರಿಸಿ ಇನ್ನೊಬ್ಬರ ಮುಖ ಕೇಳುವವನು ಅವನು. ಆ ಉತ್ತರದಾಯಿತ್ವವನ್ನು ಅವನು ತಾನಾಗಿಯೇ ಬಿಟ್ಟುಕೊಟ್ಟರೆ ಗೋಡೆಯ ಯಂತ್ರಕ್ಕೂ ಅವನಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಹಾಗೆಂದು ಪ್ರತಿ ಚಿತ್ರಕ್ಕೂ ಮೊದಲೇ ಅನುಮತಿ ಪಡೆಯಬೇಕೆಂದರೆ ಬೀದಿ ಛಾಯಾಗ್ರಹಣ ಅಲ್ಲಿಗೇ ಮುಗಿಯಿತು. ಕೇಳಿದೊಡನೆ ಜನ ತಲೆಗೂದಲು ಸರಿಪಡಿಸಿಕೊಂಡು ಸೆಟೆದು ನಿಲ್ಲುತ್ತಾರೆ. ಉಳಿಯುವುದು ಗುರುತಿನ ಚೀಟಿಯ ಭಾವಚಿತ್ರ. ಅಧಿಕಾರದಲ್ಲಿ ಇರುವವರ ವಿಷಯದಲ್ಲಿ ಈ ನಿಯಮ ಅಪಾಯಕಾರಿಯೂ ಹೌದು. ಲಾಠಿ ಬೀಸುವ ಪೊಲೀಸನ, ರಸ್ತೆಗುಂಡಿಯ ಪಕ್ಕ ರಿಬ್ಬನ್ ಕತ್ತರಿಸುವ ಮಂತ್ರಿಯ ಚಿತ್ರಕ್ಕೆ ಅವರ ಒಪ್ಪಿಗೆ ಬೇಕೆನ್ನುವುದು ಪತ್ರಿಕೋದ್ಯಮದ ಕತ್ತು ಹಿಸುಕಿದಂತೆ. ಬಲಾಢ್ಯರ ಮುಖಕ್ಕೂ ದುರ್ಬಲರ ಮುಖಕ್ಕೂ ಒಂದೇ ಅಳತೆಗೋಲು ಸಲ್ಲದು.

ಹಾಗಾದರೆ ದಾರಿ ಯಾವುದು? ಒಪ್ಪಿಗೆಯನ್ನು ಕ್ಷಣದ ಮೊದಲು ಕೇಳಲಾಗದಿದ್ದರೆ ಕ್ಷಣದ ನಂತರ ಕೇಳಬಹುದು. ತೆಗೆದ ಚಿತ್ರವನ್ನು ಅಲ್ಲಿಯೇ ತೋರಿಸಿ, ಬೇಡವೆಂದವರ ಎದುರಿನಲ್ಲೇ ಅಳಿಸಬಹುದು. ಮಕ್ಕಳ ಚಿತ್ರಕ್ಕೆ ಮನೆಯ ಹಿರಿಯರ ಮಾತು ಕಡ್ಡಾಯ ಎಂದು ತನಗೆ ತಾನೇ ನಿಯಮ ಹಾಕಿಕೊಳ್ಳಬಹುದು. ಮುಖವಿಲ್ಲದೆಯೂ ಬದುಕು ಚಿತ್ರವಾಗಬಲ್ಲದು. ಗ್ರೀಸು ಮೆತ್ತಿದ ಕೈ, ಕಾರ್ಖಾನೆಯ ಕಿಟಕಿಯಲ್ಲಿ ಒಣಗುವ ಊಟದ ಡಬ್ಬಿ, ಪಾಳಿ ಬಿಡುವ ಹೊತ್ತಿನ ಉದ್ದುದ್ದ ನೆರಳುಗಳು ಒಂದು ಬಡಾವಣೆಯ ಕಥೆಯನ್ನು ಹೇಳದೆ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಮರಳಿ ಹೋಗುವುದು. ಒಂದು ಭಾನುವಾರ ಬಂದು ನೂರು ಚಿತ್ರ ಹೊತ್ತು ಹೋಗುವವನು ಅಪರಿಚಿತನಾಗಿಯೇ ಉಳಿಯುತ್ತಾನೆ. ಮುದ್ರಿಸಿದ ಚಿತ್ರವನ್ನು ಹಿಡಿದು ಮುಂದಿನ ವಾರ ಅದೇ ಚಹಾದಂಗಡಿಗೆ ಬರುವವನ ಹೆಸರನ್ನು ಬೀದಿ ಕೇಳುತ್ತದೆ, ನೆನಪಿಟ್ಟುಕೊಳ್ಳುತ್ತದೆ.

ಇಲ್ಲಿ ಸಂಸ್ಥೆಗಳಿಗೂ ಕೆಲಸವಿದೆ. 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಫಿಕ್ ಸೊಸೈಟಿಯಂಥ ಹಳೆಯ ಛಾಯಾಗ್ರಹಣ ಸಂಘಗಳು ನಮ್ಮ ನಗರದಲ್ಲಿವೆ. ಅವುಗಳ ನಡಿಗೆಗಳು ಮಾರುಕಟ್ಟೆ, ಉದ್ಯಾನಗಳನ್ನು ದಾಟಿ ಲಗ್ಗೆರೆಗೂ ಬರಬೇಕು. ಹಾಗೆ ಬಂದು ತೆಗೆದ ಚಿತ್ರಗಳು ಮೊದಲು ತೂಗಬೇಕಾದದ್ದು ನಗರ ಮಧ್ಯದ ಕಲಾ ಗ್ಯಾಲರಿಯಲ್ಲಲ್ಲ, ಅಲ್ಲಿನ ಸರ್ಕಾರಿ ಶಾಲೆಯ ಅಂಗಳದಲ್ಲಿ. ಮೊಬೈಲು ಎಲ್ಲರ ಕೈಯಲ್ಲೂ ಇರುವ ಈ ಕಾಲದಲ್ಲಿ ಆ ಬೀದಿಯ ಹುಡುಗ ಹುಡುಗಿಯರಿಗೆ ಚೌಕಟ್ಟು, ಬೆಳಕುಗಳ ಪಾಠ ಹೇಳಿಕೊಡುವುದು ಇನ್ನೂ ಮಿಗಿಲಾದ ಕೆಲಸ. ತಮ್ಮ ವಠಾರವನ್ನು ತಾವೇ ಚಿತ್ರಿಸುವವರಿಗೆ ‘ನೀವು ಯಾರು’ ಎಂಬ ಪ್ರಶ್ನೆ ಎದುರಾಗುವುದು ಕಡಿಮೆ.

ಲಗ್ಗೆರೆಯ ಹೊಲಗಳು ಬಡಾವಣೆಯಾದ ದಿನಗಳು ಸರಿಯಾಗಿ ಚಿತ್ರಗಳಲ್ಲಿ ದಾಖಲಾಗದೆಯೇ ಕಳೆದುಹೋದವು. ಈಗ ಪೀಣ್ಯದ ಹಳೆಯ ಘಟಕಗಳು ಒಂದೊಂದಾಗಿ ರೂಪ ಬದಲಿಸುತ್ತಿವೆ, ನೆಲದ ಬೆಲೆ ಏರುತ್ತಿದೆ, ಬಾಡಿಗೆದಾರರು ಇನ್ನೂ ಹೊರಗಿನ ಅಂಚಿಗೆ ಸರಿಯುತ್ತಿದ್ದಾರೆ. ಈ ದುಡಿಮೆಯ ನಗರವೂ ಚಿತ್ರವಿಲ್ಲದೆ ಮರೆಯಾದರೆ, ಮುಂದಿನ ತಲೆಮಾರಿಗೆ ಬೆಂಗಳೂರು ಎಂದರೆ ಉದ್ಯಾನ ಮತ್ತು ಗಾಜಿನ ಕಟ್ಟಡಗಳು ಮಾತ್ರ. ಆ ನಷ್ಟ ಛಾಯಾಗ್ರಾಹಕರದಷ್ಟೇ ಅಲ್ಲ, ತಮ್ಮ ಅಜ್ಜಿ ಯಾವ ಗೇಟಿನ ಮುಂದೆ, ಯಾವ ಸೀರೆಯುಟ್ಟು, ಯಾರ ಜೊತೆ ನಗುತ್ತ ನಿಂತಿದ್ದರೆಂದು ತಿಳಿಯಲಾಗದ ಮೊಮ್ಮಕ್ಕಳದೂ ಹೌದು. ಅವರಿಗಾಗಿಯಾದರೂ ಕ್ಯಾಮೆರಾ ಆ ಬೀದಿಗೆ ಹೋಗಬೇಕು. ಹೋಗುವಾಗ ಅದು ಕೈಮುಗಿದು ಹೋಗಬೇಕು.