ಸಭೆ ಕಟ್ಟಿದ ಪುಡಿಗಾಸು

ಭಾನುವಾರ ಬೆಳಿಗ್ಗೆ ಗಾಜನೂರಿನಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುವವರ ನಡುವೆ ಬಟ್ಟೆ ಚೀಲದಲ್ಲಿ ಬೈಬಲ್ಲು, ಹಾಡಿನ ಪುಸ್ತಕ ಇಟ್ಟುಕೊಂಡ ಒಂದು ಕುಟುಂಬ ಕಾಣಸಿಗುವುದುಂಟು. ಅವರು ಹೋಗುವುದು ಪೇಟೆಯ ದೊಡ್ಡ ಚರ್ಚಿಗಿರಬಹುದು, ಯಾರದೋ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ನಡೆಸುವ ಪ್ರಾರ್ಥನೆಗೂ ಇರಬಹುದು. ಇಂದಿನ ಎಷ್ಟೋ ದೊಡ್ಡ ಚರ್ಚುಗಳು ಒಂದು ಕಾಲಕ್ಕೆ ಆ ಪಡಸಾಲೆಯೇ ಆಗಿದ್ದವು. ಚಾಪೆಯಿಂದ ಗೋಪುರದವರೆಗಿನ ಈ ದಾರಿಯನ್ನು ಕನ್ನಡದ ಕ್ರೈಸ್ತರು ‘ಸಭೆ ಕಟ್ಟುವುದು’ ಅನ್ನುತ್ತಾರೆ. ಕಟ್ಟಡ ಆಮೇಲಿನ ಮಾತು. ಸಭೆ ಅಂದರೆ ಜನ.

ಈ ಕೆಲಸ ಒಬ್ಬ ಬೋಧಕನ ಮಾತಿನ ಬಲದಿಂದಲೇ ಆಗುತ್ತದೆ ಎಂದು ಹೊರಗಿನವರು ಭಾವಿಸುವುದು ಸಹಜ. ಅದರ ಹಿಂದೆ ಒಂದು ದೊಡ್ಡ ಜಾಲವೇ ಇರುತ್ತದೆ. ಕನ್ನಡ ನಾಡಿನಲ್ಲಿ ಇದನ್ನು ಅರಿಯಲು ಬಾಸೆಲ್ ಮಿಷನ್ನಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ ಅದು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಆಮೇಲೆ ಬೆಟಗೇರಿ, ಮೂಲ್ಕಿ, ಉಡುಪಿ ಎಂದು ಠಾಣೆಗಳು ಬೆಳೆದವು. ಮಿಷನರಿ ಇರುವ ಊರು ಠಾಣೆ. ಅದರ ಸುತ್ತಲಿನ ಹಳ್ಳಿಗಳು ಉಪಠಾಣೆ. ಉಪಠಾಣೆಯಲ್ಲಿ ಇರುತ್ತಿದ್ದವನು ಊರ ಕಡೆಯವನೇ ಆದ ಉಪದೇಶಿ. ಎಲ್ಲದರ ಮೇಲೆ ಬಾಸೆಲ್ಲಿನ ಕಮಿಟಿ. ಅದರ ಹಿಡಿತ ಎಷ್ಟು ಬಿಗಿಯೆಂದರೆ, ಇಲ್ಲಿನ ಮಿಷನರಿ ಮದುವೆಯಾಗಲೂ ಅದರ ಒಪ್ಪಿಗೆ ಬೇಕಿತ್ತು.

ದುಡ್ಡು ಎಲ್ಲಿಂದ? ಸಿರಿವಂತರ ದಾನವೂ ಇತ್ತು. ಆದರೆ ನನ್ನನ್ನು ಬಹಳ ಮುಟ್ಟಿದ್ದು 1850ರ ದಶಕದಲ್ಲಿ ಶುರುವಾದ ‘ಅರ್ಧ ಬ್ಯಾಟ್ಜನ್’ ವಂತಿಗೆ. ಬ್ಯಾಟ್ಜನ್ ಅಂದರೆ ಅಲ್ಲಿನ ಒಂದು ಸಣ್ಣ ನಾಣ್ಯ. ಸಾಮಾನ್ಯ ಮನೆಗಳವರು ವಾರಕ್ಕೆ ಅದರ ಅರ್ಧದಷ್ಟು ಕಾಸು ಎತ್ತಿಡುತ್ತಿದ್ದರು, ಒಬ್ಬರು ಮನೆಮನೆಗೆ ಹೋಗಿ ಅದನ್ನು ಸಂಗ್ರಹಿಸುತ್ತಿದ್ದರು. ಕರಾವಳಿಯನ್ನು ಕನಸಿನಲ್ಲೂ ಕಾಣದವರ ಪುಡಿಗಾಸು ಇಲ್ಲಿನ ಉಪದೇಶಿಯ ಸಂಬಳಕ್ಕೂ ಶಾಲೆಯ ಹಲಗೆಗೂ ನೆರವಾಯಿತು.

ಇನ್ನೊಂದು ಊರುಗೋಲು ಭಾಷೆ. ಜನ ಮನೆಯಲ್ಲಿ ಆಡುವ ಮಾತಿನಲ್ಲಿ ಹಾಡು, ಪ್ರಾರ್ಥನೆ ಇಲ್ಲದಿದ್ದರೆ ಸಭೆ ಬೇರು ಬಿಡದು. 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟ ಬಂತು. 1843ರಲ್ಲಿ ಮಿಷನರಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟಿತು. ಇದೇ ಮಿಷನ್ನಿನ ಕಿಟ್ಟೆಲ್ಲರ 1894ರ ನಿಘಂಟಿನ ಋಣ ಎಲ್ಲ ಕನ್ನಡಿಗರ ಮೇಲಿದೆ.

ದೀಕ್ಷಾಸ್ನಾನ ಪಡೆದವನಿಗೆ ಮನೆಯ ಬಾಗಿಲು ಮುಚ್ಚುತ್ತಿತ್ತು, ಕುಲಕಸುಬು ತಪ್ಪುತ್ತಿತ್ತು. ಅವನ ಹೊಟ್ಟೆಪಾಡಿಗೆ ಮಿಷನ್ ನೇಯ್ಗೆ ಶಾಲೆ ತೆರೆಯಿತು. 1865ರಲ್ಲಿ ಮಿಷನ್ನಿನ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಮಲೆನಾಡಿನ ಮಳೆಯನ್ನು ತಡೆದ ಮಂಗಳೂರು ಹೆಂಚಿನ ಕತೆ ಶುರುವಾಗುವುದು ಅಲ್ಲಿಂದ. ಆದರೆ ಕೂಲಿ ಕೊಡುವವನೂ ಪ್ರಸಂಗ ಮಾಡುವವನೂ ಒಬ್ಬನೇ ಆದಾಗ ನಂಬಿಕೆ ಯಾವುದು, ಅನ್ನದ ಹಂಗು ಯಾವುದು? ಈ ಪ್ರಶ್ನೆ ಮಿಷನ್ನಿನ ಒಳಗೇ ಎದ್ದಿತ್ತು. ಅದು ಇಂದಿಗೂ ನ್ಯಾಯವಾದ ಪ್ರಶ್ನೆ.

ಉತ್ತರ ಬಂದದ್ದು 1914ರ ಯುದ್ಧದಿಂದ. ಮಿಷನ್ನಿನಲ್ಲಿದ್ದ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟರು, ಆಮೇಲೆ ದೇಶದಿಂದ ಕಳಿಸಿದರು. ಕಾರ್ಖಾನೆಗಳು ಪರರ ಕೈ ಸೇರಿದವು. ಸಭೆಗಳು ಮಾತ್ರ ಉಳಿದವು. ಸಭಾಪಾಲಕರು, ಉಪದೇಶಿಗಳು, ಸಭೆಯ ಹಿರಿಯರು ಇಲ್ಲಿಯವರೇ ಆಗಿದ್ದದ್ದು ಆಗ ಕೈಹಿಡಿಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ರೂಪುಗೊಂಡಾಗ ದಕ್ಷಿಣ ಕನ್ನಡದ ಬಾಸೆಲ್ ಸಭೆಗಳೂ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಎಂಬ ಇನ್ನೊಂದು ಮಿಷನ್ ಕಟ್ಟಿದ ಸಭೆಗಳೂ ಅದರೊಳಗೆ ಬಂದವು. ಈ ಸಭೆಗಳು ತಮ್ಮ ದುಡ್ಡನ್ನು ತಾವೇ ಕೂಡಿಸುವ ಬಗೆ ತಿಳಿಯಲು ಸಿಎಸ್‌ಐ ಚರ್ಚುಗಳಲ್ಲಿ ಬೆಳೆ ಹಬ್ಬದ ದಿನ ನಿಂತು ನೋಡಿ. ತೆಂಗಿನಕಾಯಿ, ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಹುಂಜ ಏಲಂಗೆ ಬರುತ್ತವೆ. ಕುಂಬಳಕಾಯಿ ಕೂಗಿಕೊಂಡವರು ಅದನ್ನು ಮತ್ತೆ ಸಭೆಗೇ ಕೊಡುತ್ತಾರೆ, ಮತ್ತೆ ಕೂಗು. ಒಂದೇ ಕಾಯಿ ಮೂರು ನಾಲ್ಕು ಸಲ ಮಾರಾಟವಾಗುತ್ತದೆ. ಬಾಸೆಲ್ಲಿನ ಅರ್ಧ ಬ್ಯಾಟ್ಜನ್ ಕನ್ನಡದ ಅಂಗಳದಲ್ಲಿ ಕುಂಬಳಕಾಯಿ ಆಯಿತು ಅನ್ನಿಸುತ್ತದೆ ನನಗೆ.

ನಮ್ಮ ಶಿವಮೊಗ್ಗ ಕಡೆಯ ಕತೆ ಸ್ವಲ್ಪ ಬೇರೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಇಂಥ ಊರಿಗೆ ಕೆಲಸ ಹುಡುಕಿ ಬಂದವರು ತಮ್ಮ ಪ್ರಾರ್ಥನೆಯನ್ನೂ ಜೊತೆಗೆ ತರುತ್ತಾರೆ. ಬೋಧಕನಿಗಿಂತ ಮೊದಲೇ ಅಲ್ಲಿ ಸಭೆ ಇರುತ್ತದೆ. ಕಥೋಲಿಕರಲ್ಲಿ ಫಾದರ್ ಆಗಾಗ ಬಂದು ಪೂಜೆ ಮಾಡಿ ಹೋಗುವ ಉಪಕೇಂದ್ರ, ಜನ ಹೆಚ್ಚಿದಾಗ ಧರ್ಮಕೇಂದ್ರವಾಗುತ್ತದೆ. ಇಂಥ ಧರ್ಮಕೇಂದ್ರಗಳನ್ನು ಒಳಗೊಂಡ ಶಿವಮೊಗ್ಗ ಧರ್ಮಕ್ಷೇತ್ರವೇ 1988ರ ನವೆಂಬರ್ 14ರಂದು ಸ್ವತಂತ್ರವಾಯಿತು. ಪೇಟೆಯ ಸೇಕ್ರೆಡ್ ಹಾರ್ಟ್ ಚರ್ಚು ಅದರ ಪ್ರಧಾನಾಲಯ.

ಇವತ್ತಿನ ಸ್ವತಂತ್ರ ಸಭೆಗಳ ಒಕ್ಕೂಟಗಳೂ ಹೆಚ್ಚುಕಡಿಮೆ ಇದೇ ಹಾದಿಯಲ್ಲಿವೆ. ತಾಯಿ ಸಭೆಯೊಂದು ಒಬ್ಬ ಸೇವಕರನ್ನು ತರಬೇತಿ ಕೊಟ್ಟು ಹೊಸ ಊರಿಗೆ ಕಳಿಸುತ್ತದೆ. ಕೆಲವು ವರ್ಷ ಮನೆ ಬಾಡಿಗೆಗೆ, ಸಂಬಳಕ್ಕೆ ನೆರವಾಗಿ, ಹಂತಹಂತವಾಗಿ ಕೈ ಬಿಡುತ್ತದೆ. ಅನುಭವಿ ಪಾಸ್ಟರೊಬ್ಬರು ಬೆನ್ನಿಗಿರುತ್ತಾರೆ. ಇದರ ಸುತ್ತ ಅನುಮಾನ, ಜಗಳ ಎದ್ದಿರುವುದೂ ನಿಜ. ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವುದು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಬಲವಂತ, ಆಮಿಷದ ಮತಾಂತರಕ್ಕೆ ಶಿಕ್ಷೆ ವಿಧಿಸುವ ಕಾಯ್ದೆಯನ್ನು 2022ರಲ್ಲಿ ನಮ್ಮ ರಾಜ್ಯವೂ ತಂದಿತು. ಆಮಿಷದಿಂದ ಕೂಡಿಸಿದ ಜನ ಆಮಿಷ ತೀರಿದ ದಿನ ಚದುರುತ್ತಾರೆ, ಅದು ಸಭೆಯಲ್ಲ. ಹಾಗೆಯೇ, ಮನೆಯೊಳಗೆ ನಾಲ್ಕು ಜನ ಕೂತು ಪ್ರಾರ್ಥಿಸುವಾಗ ಹೊರಗಿನ ಸದ್ದಿಗೆ ಬೆಚ್ಚಬೇಕಾಗಿ ಬರುವುದೂ ಸಲ್ಲದು.

ಹೆಬಿಕ್, ಮೋಗ್ಲಿಂಗ್, ಕಿಟ್ಟೆಲ್ ಹೆಸರುಗಳು ಪುಸ್ತಕಗಳಲ್ಲಿವೆ. 1844ರಲ್ಲಿ ಕ್ರೈಸ್ತರಾಗಿ, ಬಾಸೆಲ್ಲಿನಲ್ಲಿ ಓದಿ ಬಂದು ಕೊಡಗಿನಲ್ಲಿ ದುಡಿದ ಆನಂದರಾವ್ ಕೌಂಡಿನ್ಯರ ಹೆಸರೂ ಉಳಿದಿದೆ. ಆದರೆ ಸಂತೆ, ಜಾತ್ರೆ ಸುತ್ತಿ, ಹಳ್ಳಿಯ ಮಕ್ಕಳಿಗೆ ಅಕ್ಷರ ತಿದ್ದಿಸಿದ ಉಪದೇಶಿಗಳಲ್ಲಿ ಹೆಚ್ಚಿನವರು ನಮಗೆ ಹೆಸರಿಲ್ಲದವರು. ನಿಮ್ಮ ಊರಿನ ಚರ್ಚಿನ ಕಪಾಟಿನಲ್ಲಿ ಹಳೆಯ ದೀಕ್ಷಾಸ್ನಾನದ ರಿಜಿಸ್ಟರ್ ಇದ್ದರೆ ದಯವಿಟ್ಟು ಗೆದ್ದಲು ಹಿಡಿಯುವ ಮೊದಲು ತೆರೆಯಿರಿ. ಅದರಲ್ಲಿ ಉಪದೇಶಿಯ ಹೆಸರು ಸಿಕ್ಕರೆ ಬರೆದಿಡಿ, ಭಾನುವಾರ ಸಭೆಯ ಮುಂದೆ ಓದಿ ಹೇಳಿ.